ಕೆಸರು ಹತ್ತಿದ ಸೀರೆ, 25 ರೂಪಾಯಿಯ ಗೊಂಬೆ: ಚೇಕುಟ್ಟಿಯನ್ನು ಏಳು ವರ್ಷ ಇಟ್ಟುಕೊಂಡ ಮೇಲೆ

ಓದುವ ಮೇಜಿನ ದೀಪಕ್ಕೆ ನಾನು ತೂಗುಹಾಕಿರುವ ಬಟ್ಟೆಯ ಗೊಂಬೆ ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಚಿಕ್ಕದು. ಉಂಡೆಯಂಥ ತಲೆ, ಕುತ್ತಿಗೆಗೆ ಬಿಗಿದ ದಾರ, ಅದರ ಕೆಳಗೆ ಲಂಗದಂತೆ ಹರಡಿಕೊಂಡ ಬಟ್ಟೆ, ಮುಖದ ಮೇಲೆ ಯಾರೋ ಪೆನ್ನಿನಿಂದ ಬರೆದ ಎರಡು ಕಣ್ಣು ಮತ್ತು ಒಂದು ನಗು. ಇಷ್ಟೇ ಅದರ ಸಂಪತ್ತು. ಹೆಸರು ಚೇಕುಟ್ಟಿ. ಕೇರಳದ ನೆರೆಯಲ್ಲಿ ಕೆಸರು ಹತ್ತಿ ಹಾಳಾದ ಕೈಮಗ್ಗದ ಸೀರೆಯಿಂದ, ಅದನ್ನು ನೇಯ್ದವರ ನೆರವಿಗೆಂದು ಕಟ್ಟಿದ್ದು. 2018ರ ಅಕ್ಟೋಬರ್‌ನಲ್ಲಿ ಒಂದಕ್ಕೆ 25 ರೂಪಾಯಿಯಂತೆ ಇಪ್ಪತ್ತು ಗೊಂಬೆಗಳನ್ನು ಕೊಂಡಿದ್ದೆ. ಹದಿನೇಳನ್ನು ಹಂಚಿ, ಮೂರನ್ನು ಉಳಿಸಿಕೊಂಡೆ. ಕೊಂಡ ವಾರವೇ ಈ ವಿಮರ್ಶೆಯನ್ನು ಬರೆಯಬಹುದಿತ್ತು, ಆದರೆ ಆಗ ಬರೆದಿದ್ದರೆ ಅದು ವಿಮರ್ಶೆಯಾಗುತ್ತಿರಲಿಲ್ಲ. ದುರಂತದ ಬೆನ್ನಿಗೇ ಪರಿಹಾರಕ್ಕೆಂದು ಮಾರಾಟವಾಗುವ ವಸ್ತುವನ್ನು ಯಾರೂ ವಸ್ತುವೆಂದು ನೋಡುವುದಿಲ್ಲ. ಕರುಳು ಚುರುಕ್ಕೆಂದವರು ಬೆಲೆಯನ್ನು ಕೇಳುವುದಿಲ್ಲ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡುವುದಿಲ್ಲ, ಕೊಟ್ಟ ಹಣ ಯಾರ ಕೈ ಸೇರಿತೆಂದು ವಿಚಾರಿಸುವುದಕ್ಕೂ ಸಂಕೋಚಪಡುತ್ತಾರೆ. ಆ ಸಂಕೋಚ ಕಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾನು ನೇಕಾರರ ಮನೆಯವನು. ಅಜ್ಜ ಮಲಪ್ರಭೆಯ ದಂಡೆಯ ಊರಿನಲ್ಲಿ ಇಳಕಲ್ ಸೀರೆ ನೇಯುತ್ತಿದ್ದರು, ಕಾಕಾ ಇಂದಿಗೂ ನೇಯುತ್ತಾರೆ. ಹಾಗಾಗಿ ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅದನ್ನು ಮಗುಚಿ ಹಿಂಬದಿ ನೋಡುವ, ಅಂಚನ್ನು ಉಗುರಿನಿಂದ ಕೆದಕುವ ಚಾಳಿ ನನ್ನದು. ಚೇಕುಟ್ಟಿಗೂ ಅದೇ ಉಪಚಾರ ಸಿಕ್ಕಿತು. ಲಂಗದ ಒಳಬದಿಯಲ್ಲಿ, ಕುತ್ತಿಗೆಯ ದಾರದಿಂದ ಸ್ವಲ್ಪ ಕೆಳಗೆ, ಹಳೆಯ ಚಹಾದ ಕಲೆಯಂಥ ಕಂದು ಬಣ್ಣದ ಗೆರೆಯೊಂದಿದೆ. ಸಾಮಾನ್ಯವಾಗಿ ಅಂಥ ಗೆರೆಯುಳ್ಳ ಬಟ್ಟೆಯನ್ನು ಅಂಗಡಿಯವರು ಒಳಗೆ ಮಡಚಿ ಕೂರಿಸುತ್ತಾರೆ. ಇಲ್ಲಿ ಆ ಗೆರೆಯೇ ಸರಕು.

ಆ ಗೆರೆ ಬಂದದ್ದು ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರಿನ ಬಳಿಯ ಚೇಂದಮಂಗಲದಿಂದ. ಪೆರಿಯಾರ್ ನದಿ ಕಡಲು ಸೇರುವ ಮುನ್ನ ಕವಲೊಡೆದು ಹಿನ್ನೀರಿನೊಡನೆ ಬೆರೆಯುವ ತಗ್ಗಿನ ಪ್ರದೇಶವದು. ಅಲ್ಲಿನ ಪಂಚೆಗಳಿಗೂ, ಹೆಂಗಸರು ಉಡುವ ಎರಡು ತುಂಡಿನ ಸೆಟ್ ಮುಂಡುಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹುಣಸೆ ಎಲೆಯ ಹೆಸರು ಹೊತ್ತ ತೆಳು ಅಂಚು, 'ಪುಳಿಯಿಲಕ್ಕರ', ಆ ನೇಯ್ಗೆಯ ಗುರುತು. ಕೊಚ್ಚಿ ಅರಸರಿಗೆ ತಲೆಮಾರುಗಳ ಕಾಲ ಮಂತ್ರಿಗಳಾಗಿದ್ದ ಪಾಲಿಯಂ ಮನೆತನದವರು ದೇವಾಂಗ ಚೆಟ್ಟಿಯಾರರನ್ನು ಕರೆತಂದು ಅಲ್ಲಿ ಮಗ್ಗ ಹೂಡಿಸಿದರೆಂಬ ಪ್ರತೀತಿಯಿದ್ದು, ಆ ದೇವಾಂಗರ ಮೂಲ ಕನ್ನಡ ನಾಡೆಂದೂ ಹೇಳುವುದುಂಟು. ಈಗ ನಾನಾ ಸಮುದಾಯದವರು, ಅದರಲ್ಲೂ ಹೆಂಗಸರು, ಸಹಕಾರ ಸಂಘಗಳ ಮೂಲಕ ನೇಯುತ್ತಾರೆ. ಕೇರಳದ ನೇಕಾರನಿಗೆ ವರ್ಷವೆಂದರೆ ಓಣಂ. ಚಿಂಗಂ ಮಾಸದ ಆ ಕೆಲವು ವಾರಗಳಲ್ಲಿ ಮಾರಾಟವಾದದ್ದೇ ವರ್ಷದ ಅನ್ನ.

2018ರಲ್ಲಿ ಓಣಂನ ಮುಖ್ಯ ದಿನವಾದ ತಿರುವೋಣಂ ಆಗಸ್ಟ್ 25ಕ್ಕೆ ಇತ್ತು. ಆ ವರ್ಷ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಸುಮಾರು ಶೇಕಡ 42ರಷ್ಟು ಹೆಚ್ಚು ಮಳೆ ಸುರಿಯಿತು. ಆಗಸ್ಟ್ 9ರಂದು ಪೆರಿಯಾರ್‌ನ ಇಡುಕ್ಕಿ ಜಲಾಶಯಕ್ಕೆ ಸೇರಿದ ಚೆರುತೋಣಿ ಅಣೆಕಟ್ಟೆಯ ಬಾಗಿಲನ್ನು 26 ವರ್ಷಗಳ ನಂತರ ಎತ್ತಿದರು. ಆಗಸ್ಟ್ 15ರ ಹೊತ್ತಿಗೆ ಪೆರಿಯಾರ್ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣದ ರನ್‌ವೇಯನ್ನೂ ಬಿಡಲಿಲ್ಲ. ಆ ನಿಲ್ದಾಣ ಮತ್ತೆ ತೆರೆದದ್ದು 29ಕ್ಕೆ. ಚೇಂದಮಂಗಲದ ಮನೆಗಳೂ ನೇಯ್ಗೆ ಕೇಂದ್ರಗಳೂ ಅದೇ ನೀರಿನಲ್ಲಿ ಮುಳುಗಿದವು. ಮಗ್ಗದ ಮೇಲಿದ್ದ ಹಾಸುನೂಲು, ಕಪಾಟಿನಲ್ಲಿದ್ದ ನೂಲು, ಓಣಂಗೆಂದು ಮಡಚಿ ಅಟ್ಟಿ ಕಟ್ಟಿಟ್ಟಿದ್ದ ಸೀರೆ, ಮುಂಡು, ಎಲ್ಲವೂ ಕೆಸರಾಯಿತು. ನೇಯ್ಗೆಯ ಬಗ್ಗೆ ತಿಳಿಯದವರು ಒಗೆದರೆ ಹೋಗುವುದಿಲ್ಲವೇ ಎಂದು ಕೇಳಬಹುದು. ಕೈಮಗ್ಗದ ನೂಲಿಗೆ ಗಂಜಿ ಹಾಕಿರುತ್ತದೆ. ಗಂಜಿಯ ಬಟ್ಟೆ ಕೆಲವು ದಿನ ಒದ್ದೆಯಾಗಿ ಮಡಿಕೆಯಲ್ಲೇ ಉಳಿದರೆ ಬೂಷ್ಟು ಹಿಡಿಯುತ್ತದೆ, ಮಡಿಕೆ ಮಡಿಕೆಗೂ ಕೆಸರಿನ ಗೆರೆ ಕೂರುತ್ತದೆ, ಮತ್ತು ಬಿಳುಪು ಮಾಡದ ಕೋರಾ ಬಟ್ಟೆಯ ಮೇಲೆ ಆ ಗೆರೆ ಎದ್ದು ಕಾಣುತ್ತದೆ. ಒಗೆದು ಉಳಿಸಬಹುದಾದವನ್ನು ಉಳಿಸಿ, ಉಳಿದ ರಾಶಿಯನ್ನು ಸುಟ್ಟುಬಿಡುವ ಯೋಚನೆ ಕರಿಂಪಾಡಂ ಕೈಮಗ್ಗ ಸಹಕಾರ ಸಂಘದಲ್ಲಿ ನಡೆದಿತ್ತು.

ಈ ಹಂತದಲ್ಲಿ ಎರಡು ಸಣ್ಣ ಉದ್ಯಮಗಳು ಒಳಬಂದವು. ಲಕ್ಷ್ಮಿ ಮೆನನ್ ಅವರು ಕಾಗದದ ಪೆನ್ನಿನ ಬುಡದಲ್ಲಿ ಬೀಜ ಅಡಗಿಸಿ ಮಾರುತ್ತಿದ್ದವರು, ಅಜ್ಜಿಯರಿಂದ ದೀಪದ ಬತ್ತಿ ಹೊಸೆಯಿಸಿ 'ಅಮ್ಮೂಮ್ಮತಿರಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವರು. ಗೋಪಿನಾಥ್ ಪಾರಯಿಲ್ ಅವರು 'ದಿ ಬ್ಲೂ ಯಾಂಡರ್' ಎಂಬ ಹೊಣೆಯರಿತ ಪ್ರವಾಸೋದ್ಯಮ ಸಂಸ್ಥೆ ನಡೆಸುತ್ತಿದ್ದವರು. ಹಾಳಾದ ಸೀರೆಗಳನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ, ಕುದಿಸಿ, ತುಂಡು ಮಾಡಿ ಗೊಂಬೆ ಕಟ್ಟುವ ಆಲೋಚನೆ ಇವರದು. ನಾವು ಕೆಸರು ಎನ್ನುವುದಕ್ಕೆ ಮಲಯಾಳದಲ್ಲಿ 'ಚೇರ್' ಎನ್ನುತ್ತಾರೆ, ಮಗುವಿಗೆ 'ಕುಟ್ಟಿ'. ಕೆಸರನ್ನು ಗೆದ್ದು ಬದುಕಿದ ಮಗು ಎಂಬುದು ಹೆಸರಿನ ಒಂದು ಅರ್ಥ, ಚೇಂದಮಂಗಲದ ಮಗು ಎಂಬುದು ಇನ್ನೊಂದು. ಹೆಸರಿಡುವುದರಲ್ಲಿ ಇವರು ಜಾಣರು ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಹೆಸರೇ ಅರ್ಧ ವ್ಯಾಪಾರ ಮಾಡಿತು.

ಇನ್ನು ಲೆಕ್ಕ. ನನ್ನ ಮಟ್ಟಿಗೆ ಈ ಗೊಂಬೆಯ ನಿಜವಾದ ಸೊಗಸು ಇರುವುದು ಮುಖದಲ್ಲಲ್ಲ, ಇಲ್ಲಿ. ಚೆನ್ನಾಗಿದ್ದಾಗ ಸುಮಾರು 1,300ರಿಂದ 1,500 ರೂಪಾಯಿಗೆ ಮಾರಾಟವಾಗುತ್ತಿದ್ದ ಒಂದು ಸೀರೆಯಿಂದ 360 ಗೊಂಬೆಗಳಾಗುತ್ತವೆ. ಒಂದಕ್ಕೆ 25 ರೂಪಾಯಿ ಎಂದರೆ 9,000 ರೂಪಾಯಿ. ಮೊದಲ ಸಲ ಈ ಅಂಕಿಯನ್ನು ಕೇಳಿದಾಗ ನಾನು ನಂಬಿರಲಿಲ್ಲ. ಐದೂವರೆ ಮೀಟರ್ ಉದ್ದ, ಸುಮಾರು ಒಂದೂಕಾಲು ಗಜ ಅಗಲದ ಸೀರೆಯನ್ನು 360 ಭಾಗ ಮಾಡಿದರೆ ತುಂಡೊಂದು ಹದಿಮೂರು ಸೆಂಟಿಮೀಟರ್ ಚೌಕಕ್ಕೆ ಬರುತ್ತದೆ, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ನನ್ನಲ್ಲಿದ್ದ ಗೊಂಬೆಯೊಂದರ ದಾರ ಬಿಚ್ಚಿ ಅಳೆದೆ. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಗೊಂಬೆಯ ಹೊಟ್ಟೆ ಸೀಳಿ ನೋಡಿದೆನೆಂದು ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಈ 9,000 ರೂಪಾಯಿಯ ಹಿಂದೆ ಒಂದು ಮರೆತುಹೋಗುವ ಅಂಶವಿದೆ: ಗೊಂಬೆ ಕಟ್ಟಿದ ಕೈಗಳಿಗೆ ಕೂಲಿಯಿಲ್ಲ. ಶುದ್ಧಮಾಡಿದ ಬಟ್ಟೆಯನ್ನು ಸ್ವಯಂಸೇವಕರಿಗೆ ಕಳುಹಿಸಲಾಗುತ್ತಿತ್ತು. ಶಾಲೆಗಳಲ್ಲಿ, ಕಚೇರಿಗಳಲ್ಲಿ, ಹೊರನಾಡಿನ ಮಲಯಾಳಿಗಳ ಮನೆಗಳಲ್ಲಿ ಜನ ಸುತ್ತ ಕೂತು ಗೊಂಬೆ ಕಟ್ಟಿದರು. ಬೆಂಗಳೂರಿನ ಕಚೇರಿಯೊಂದರ ಊಟದ ಕೋಣೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ನಡೆದ ಅಂಥದೊಂದು ಕೂಟಕ್ಕೆ ಸ್ನೇಹಿತರೊಬ್ಬರ ಜೊತೆ ನಾನೂ ಹೋಗಿದ್ದೆ. ಬಟ್ಟೆಯನ್ನು ಸುರುಳಿ ಸುತ್ತಬೇಕು, ಮಡಚಬೇಕು, ತಲೆಯ ಭಾಗವನ್ನು ಬಿಟ್ಟು ದಾರದಿಂದ ಬಿಗಿಯಬೇಕು, ಕೊನೆಗೆ ಮುಖ ಬರೆಯಬೇಕು. ಮೊದಲ ಐದಾರು ಗೊಂಬೆಗಳ ತಲೆ ವಾಲಿದವು. ನಂತರ ಕೈ ಕುದುರಿ ಗಂಟೆಗೆ ಹನ್ನೊಂದರಷ್ಟು ಕಟ್ಟಿದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಪ್ರತಿ ಗೊಂಬೆಗೂ ಬೇರೆ ಬೇರೆ ಹುಬ್ಬು ಬರೆಯುತ್ತಾ ಗಂಟೆಗೆ ನಾಲ್ಕನ್ನೂ ದಾಟಲಿಲ್ಲ, ಆದರೆ ಅವರ ಗೊಂಬೆಗಳೇ ಎಲ್ಲರಿಗೂ ಬೇಕಾದವು.

ನನ್ನ ವೇಗವನ್ನೇ ಹಿಡಿದರೆ ಒಂದು ಸೀರೆಯ 360 ಗೊಂಬೆಗಳಿಗೆ ಸುಮಾರು ಮೂವತ್ತಮೂರು ಗಂಟೆ, ಅಂದರೆ ಒಬ್ಬರ ನಾಲ್ಕು ದಿನದ ದುಡಿಮೆ. ದಿನಕ್ಕೆ 500 ರೂಪಾಯಿ ಕೂಲಿ ಕೊಟ್ಟಿದ್ದರೂ 2,000 ರೂಪಾಯಿ ಖರ್ಚಾಗಿ 7,000 ಉಳಿಯುತ್ತಿತ್ತು. ಹಾಗಾಗಿ ಪುಕ್ಕಟೆ ದುಡಿಮೆಯ ಮೇಲೆಯೇ ನಿಂತ ಲೆಕ್ಕ ಇದಲ್ಲ. ಕೂಲಿ ಕೊಟ್ಟೂ ಗೆಲ್ಲಬಹುದಾಗಿದ್ದ ಲೆಕ್ಕ. ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಬೇರೊಂದು ವಿವೇಕ. ನೇಕಾರರನ್ನೇ ಕೂರಿಸಿ ಗೊಂಬೆ ಕಟ್ಟಿಸುವ ಗೋಜಿಗೆ ಇವರು ಹೋಗಲಿಲ್ಲ. ನೂರರ ಮೇಲಿನ ಕೌಂಟಿನ ಅತಿ ತೆಳು ನೂಲನ್ನು ಹಣಿಗೆಯಲ್ಲಿ ಎಳೆ ಎಳೆಯಾಗಿ ಪೋಣಿಸಬಲ್ಲ ಬೆರಳುಗಳಿಗೆ ಗೊಂಬೆಯ ಕತ್ತು ಬಿಗಿಯುವ ಕೆಲಸ ಕೊಡುವುದು ಪರಿಹಾರದ ಹೆಸರಿನಲ್ಲಿ ಮಾಡುವ ಅವಮಾನವಾಗುತ್ತಿತ್ತು. ಆ ತಿಂಗಳುಗಳಲ್ಲಿ ನೇಕಾರರಿಗೆ ಮಗ್ಗವನ್ನು ಮತ್ತೆ ನಿಲ್ಲಿಸುವ ಕೆಲಸವೇ ಬೆಟ್ಟದಷ್ಟಿತ್ತು. ಮಾರಾಟದ ಹಣ ಸಂಘಕ್ಕೆ ಹೋಗುವುದು ಅವರ ಬಟ್ಟೆಯ ಬೆಲೆಯಾಗಿ. ಅದನ್ನು ತೆಗೆದುಕೊಳ್ಳುವಾಗ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಸಣ್ಣ ಉದ್ಯಮಗಳು ವಿಪತ್ತಿಗಾಗಿ ಹಣ ಕೂಡಿಸುವ ಇತರ ಬಗೆಗಳನ್ನು ಕಂಡ ಮೇಲೆ ಈ ವ್ಯತ್ಯಾಸ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಅದೇ 2018ರಲ್ಲಿ, ಕೊಡಗಿನಲ್ಲೂ ಗುಡ್ಡಗಳು ಕುಸಿದು ಜೋಡುಪಾಲ, ಮಕ್ಕಂದೂರಿನ ಸುತ್ತ ಜನ ಮನೆ ಕಳೆದುಕೊಂಡ ಹೊತ್ತಿನಲ್ಲಿ, ನಾನು ಸುವಾಸನೆಯ ಮೇಣದಬತ್ತಿಯ ಡಬ್ಬಿಯೊಂದನ್ನು ಕೊಂಡಿದ್ದೆ. ಅದರ ಮೇಲೆ, ಲಾಭದ ಒಂದು ಭಾಗ ನೆರೆ ಸಂತ್ರಸ್ತರಿಗೆ ಎಂದು ಅಚ್ಚಾಗಿತ್ತು. ಎಷ್ಟನೆಯ ಭಾಗ, ಯಾವ ಸಂತ್ರಸ್ತರಿಗೆ, ಯಾವಾಗ ಎಂದು ಪತ್ರ ಬರೆದು ಕೇಳಿದೆ. ಉತ್ತರವಾಗಿ ಮುಂದಿನ ಖರೀದಿಗೆ ರಿಯಾಯಿತಿ ಸಂಕೇತ ಬಂತು. ಲಾಭವೆಂಬುದು ಬಾಡಿಗೆ, ಸಂಬಳ, ಜಾಹೀರಾತು, ಎಲ್ಲವೂ ಕಳೆದ ಮೇಲೆ ವರ್ಷದ ಕೊನೆಗೆ ಹುಟ್ಟುವ ಕೂಸು, ಹುಟ್ಟದೆಯೂ ಇರಬಹುದು. ಹೊಸದಾಗಿ ತೆರೆದ ಅಂಗಡಿಗಳಲ್ಲಿ ಅನೇಕ ವೇಳೆ ಹುಟ್ಟುವುದೇ ಇಲ್ಲ. ಆಗ ಶೂನ್ಯದ ಒಂದು ಭಾಗವೂ ಶೂನ್ಯವೇ, ಮತ್ತು ಡಬ್ಬಿಯ ಮೇಲಿನ ಮಾತು ಸುಳ್ಳೂ ಆಗುವುದಿಲ್ಲ.

ಇದಕ್ಕೆ ಎದುರಾಗಿ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಹರಿದುಬಂದ ನಂತರ, ಬೆಂಗಳೂರಿನ ಚಿತ್ರಕಾರ್ತಿಯೊಬ್ಬರಿಂದ ಆರು ಅಂಚೆ ಕಾರ್ಡುಗಳ ಒಂದು ಕಟ್ಟನ್ನು 300 ರೂಪಾಯಿಗೆ ಕೊಂಡೆ. ಮುದ್ರಣಕ್ಕೆ ಇಷ್ಟು, ಅಂಚೆಗೆ ಇಷ್ಟು, ಉಳಿದ 190 ರೂಪಾಯಿ ಕೇರಳದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಎಂದು ಕೊಳ್ಳುವ ಮುನ್ನವೇ ಅವರು ಬರೆದಿದ್ದರು. ತಿಂಗಳ ಕೊನೆಗೆ ನಿಧಿಯ ರಸೀದಿಯ ಚಿತ್ರವನ್ನು ಎಲ್ಲ ಗಿರಾಕಿಗಳಿಗೂ ಕಳುಹಿಸಿದರು. ಪ್ರಾಮಾಣಿಕತೆಯಲ್ಲಿ ಇದಕ್ಕೆ ಕುಂದಿಲ್ಲ. ಆದರೂ ಗಿರಾಕಿ ತಿಳಿದಿರಬೇಕಾದ ಒಂದು ವಿಷಯವಿದೆ: ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ನೇರವಾಗಿ ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯುಂಟು; ವಸ್ತು ಕೊಂಡರೆ ಅದು ಖರೀದಿ, ದಾನವಲ್ಲ, ರಸೀದಿ ಮಾರಿದವರ ಹೆಸರಿನಲ್ಲಿರುತ್ತದೆ. ಜೊತೆಗೆ, ನನ್ನ 300 ರೂಪಾಯಿಯಲ್ಲಿ 110 ವಯನಾಡಿಗೆ ಹೋಗಲಿಲ್ಲ, ನನ್ನ ಬಳಿ ಉಳಿದ ಆರು ಕಾರ್ಡುಗಳನ್ನು ನಾನು ಇನ್ನೂ ಯಾರಿಗೂ ಬರೆದಿಲ್ಲ. ಪರಿಹಾರವೇ ಉದ್ದೇಶವಾಗಿದ್ದರೆ ನೇರವಾಗಿ ಕೊಡುವುದು ಲೇಸು ಎಂಬ ವಾದಕ್ಕೆ ಕಾರ್ಡು, ಮೇಣದಬತ್ತಿ, ಕಾಫಿ ಮಗ್ಗು, ಅಂಗಿಗಳ ಬಳಿ ಗಟ್ಟಿಯಾದ ಉತ್ತರವಿಲ್ಲ.

ಚೇಕುಟ್ಟಿಯ ಬಳಿ ಇದೆ. ನಾನು ಕೊಟ್ಟ 25 ರೂಪಾಯಿಗೆ ಹೊಸ ಸರಕು ತಯಾರಾಗಲಿಲ್ಲ. ಬೆಂಕಿಗೆ ಹೋಗಬೇಕಿದ್ದ ಸರಕಿಗೆ ಬೆಲೆ ಬಂತು. ನೇರವಾಗಿ ದಾನ ಕೊಟ್ಟಿದ್ದರೆ ಆ ಬಟ್ಟೆ ಸುಟ್ಟೇಹೋಗುತ್ತಿತ್ತು. ಹಾನಿಯಾದ ವಸ್ತುವೇ ಪರಿಹಾರದ ಹಣವನ್ನು ದುಡಿದು ತರುವ ಇಂಥ ಏರ್ಪಾಡು ಬಲು ಅಪರೂಪ, ಮತ್ತು ಇದು ಬೇಗವೂ ಆಯಿತು. ಮರುನಿರ್ಮಾಣಕ್ಕೆಂದು ಕೇರಳ ಸರ್ಕಾರ ಶೇಕಡ 1ರ ನೆರೆ ಸೆಸ್ ವಸೂಲಿಯನ್ನು ಆರಂಭಿಸಿದ್ದು 2019ರ ಆಗಸ್ಟ್ 1ರಿಂದ, ನೆರೆ ಇಳಿದು ಹತ್ತಿರಹತ್ತಿರ ಒಂದು ವರ್ಷವಾದ ಮೇಲೆ. ಸರ್ಕಾರದ ಗಾಲಿ ದೊಡ್ಡದು, ನಿಧಾನಕ್ಕೆ ತಿರುಗುತ್ತದೆ, ಅದನ್ನು ದೂರುತ್ತಿಲ್ಲ. ಗೊಂಬೆ ಮಾತ್ರ ಕೆಲವೇ ವಾರಗಳಲ್ಲಿ ಮಾರುಕಟ್ಟೆಗೆ ಬಂದಿತ್ತು.

ಇನ್ನು ವಸ್ತುವಿನ ಗುಣದೋಷ. ದೋಷಗಳೇ ಮೊದಲು. ಬಟ್ಟೆಯ ಅಂಚುಗಳನ್ನು ಹೊಲಿದಿಲ್ಲ, ಕತ್ತರಿಸಿ ಬಿಟ್ಟಿದ್ದಾರೆ. ಹೀಗಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ನನ್ನ ಚೀಲಕ್ಕೆ ಕಟ್ಟಿದ್ದ ಗೊಂಬೆ ಎಂಟು ತಿಂಗಳಲ್ಲಿ ಜುಂಗುಜುಂಗಾಯಿತು. ಮುಖ ಬರೆದ ಪೆನ್ನು ಎಲ್ಲ ಕಡೆಯೂ ಒಂದೇ ತರಹದ್ದಲ್ಲ. ಒಂದು ಗೊಂಬೆಯ ಕಣ್ಣು ಮೊದಲ ಮಳೆಗೇ ಕದಡಿ ಕಪ್ಪು ಕಣ್ಣೀರಾಯಿತು, ಇನ್ನೊಂದರದು ಇಂದಿಗೂ ನಿಚ್ಚಳವಾಗಿದೆ. ಸಾವಿರಾರು ಅಪರಿಚಿತ ಕೈಗಳು ಕಟ್ಟಿದ ವಸ್ತುವಿನಲ್ಲಿ ಒಂದೇ ಗುಣಮಟ್ಟ ಬಯಸುವುದು ಕಷ್ಟವಾದರೂ, ನೀರಿಗೆ ಹೋಗದ ಪೆನ್ನನ್ನೇ ಬಳಸಿ ಎಂಬ ಒಂದು ಸಾಲಿನ ಸೂಚನೆ ಸಾಕಿತ್ತು. ಕಾರಿನ ಕನ್ನಡಿಗೆ ತೂಗುಹಾಕಿದವರು ಬಿಸಿಲಿಗೆ ಬಣ್ಣ ಹಾರಿತೆಂದು ಹೇಳಿದ್ದಾರೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಇದನ್ನು ಕೊಡಲೇಬಾರದು, ದಾರ ಬಿಚ್ಚಿ ಬರುತ್ತದೆ. ಒಗೆಯುವುದಾದರೆ ಕೈಯಿಂದ, ಅದೂ ಮುಖವನ್ನು ಮತ್ತೆ ಬರೆಯುವ ಮನಸ್ಸಿದ್ದರೆ ಮಾತ್ರ.

ಗುಣವೆಂದರೆ ಬಟ್ಟೆ. ಕಲೆಯಿದ್ದರೂ, ಕುದಿದರೂ, ಕ್ಲೋರಿನ್ ಕುಡಿದರೂ ಆ ಹತ್ತಿ ಜೀವ ಬಿಟ್ಟಿಲ್ಲ. ಬೆರಳಲ್ಲಿ ಉಜ್ಜಿದರೆ ಹಳೆಯ ಪಂಚೆಯ ಮೃದುತ್ವ. ಕೆಸರಿನ ವಾಸನೆ ಬರಬಹುದೆಂಬ ಅಂಜಿಕೆಯಿಂದ ಮೊದಲ ದಿನವೇ ಮೂಗಿಗೆ ಹಿಡಿದು ನೋಡಿದ್ದೆ, ಸೋಪಿನ ತೆಳು ವಾಸನೆಯ ಹೊರತು ಏನೂ ಇರಲಿಲ್ಲ. ಎರಡು ಗೊಂಬೆಗಳು ಒಂದೇ ತರಹ ಇರಲಾರವು ಎಂಬುದು ಜಾಹೀರಾತಿನ ಮಾತಲ್ಲ, ಇಲ್ಲಿ ಅಕ್ಷರಶಃ ನಿಜ.

ಈ ಯೋಜನೆಯ ಮಿತಿ ನನಗೆ ಅರ್ಥವಾದದ್ದು ಮರುವರ್ಷ ನಮ್ಮೂರಿನಲ್ಲೇ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗದ ಸುತ್ತಲಿನ ಊರುಗಳಿಗೆ ನುಗ್ಗಿತು. ಕಾಕಾ ಅವರ ಮನೆಯಲ್ಲಿರುವುದು ಗುಂಡಿ ಮಗ್ಗ; ಕಾಲಿಟ್ಟು ತುಳಿಯುವ ಗುಂಡಿಯೇ ಮೊದಲು ತುಂಬಿತು. ನೀರಿಳಿದ ಮೇಲೆ ಗುಂಡಿಯಿಂದ ಕೆಸರನ್ನು ಬುಟ್ಟಿಗಟ್ಟಲೆ ಎತ್ತಿದರು, ಹಾಸು ಕೊಳೆತಿತ್ತು, ಮರದ ಭಾಗಗಳು ಉಬ್ಬಿದ್ದವು. ಮಡಚಿಟ್ಟಿದ್ದ ಹತ್ತಾರು ಸೀರೆಗಳನ್ನು ಬಿಡಿಸಿದಾಗ ಕೆಂಪು ಸೆರಗಿನ ಬಣ್ಣ ಒಡಲಿಗೆ ಹರಡಿ ಯಾವುದು ದಡಿ, ಯಾವುದು ಒಡಲು ಎಂಬುದೇ ತಿಳಿಯದಂತಾಗಿತ್ತು. ನನ್ನ ಕಿಸೆಯಲ್ಲಿದ್ದ ಚೇಕುಟ್ಟಿಯನ್ನು ಹೊರತೆಗೆದು, ನಾವೂ ಹೀಗೆ ಮಾಡಬಾರದೇಕೆ ಎಂದು ಕೇಳಿದೆ.

ಕಾಕಾ ಗೊಂಬೆಯನ್ನು ಬೆಳಕಿಗೆ ಹಿಡಿದು, ಬಟ್ಟೆಯನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿದರು. "ಇದು ಕೋರಾ ಹತ್ತಿ ಐತಿ ತಮ್ಮಾ, ಕುದಿಸಿದ್ರ ತಡೀತೈತಿ. ನಮ್ದು ಕುದಿಸಿದ್ರ ಏನ್ ಉಳೀತೈತಿ ಹೇಳು?" ಎಂದರು. ಮಾತು ನಿಜ. ಚೇಂದಮಂಗಲದ ಹತ್ತಿ ಸೀರೆಗೆ ಕುದಿನೀರೂ ಕ್ಲೋರಿನ್ನೂ ಔಷಧವಾದರೆ, ನಮ್ಮ ಇಳಕಲ್ ಸೀರೆಯಲ್ಲಿರುವ ರೇಷ್ಮೆಗೆ ಕ್ಲೋರಿನ್ ತಾಕಿದರೆ ನೂಲೇ ಕರಗಿಹೋಗುತ್ತದೆ, ಕೃತಕ ರೇಷ್ಮೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಚೇಕುಟ್ಟಿಯ ಯಶಸ್ಸಿನಲ್ಲಿ ಜಾಣ್ಮೆಯಷ್ಟೇ ಪಾಲು ಆ ಬಟ್ಟೆಯ ಜಾತಿಗೂ ಇದೆಯೆಂಬುದನ್ನು ಅದನ್ನು ಹಾಡಿಹೊಗಳಿದ ಯಾರೂ ಹೇಳಿದ್ದನ್ನು ನಾನು ಓದಿಲ್ಲ. ನಮ್ಮ ಮನೆಯ ಸೀರೆಗಳು ಕೊನೆಗೆ ಕೆ.ಜಿ. ಲೆಕ್ಕದಲ್ಲಿ ಗ್ಯಾರೇಜುಗಳಿಗೆ ಒರೆಸುವ ಅರಿವೆಯಾಗಿ ಹೋದವು. ಗೊಂಬೆಯನ್ನು ಹಿಂದಿರುಗಿಸುವ ಮುನ್ನ ಕಾಕಾ ಇನ್ನೊಂದು ಮಾತು ಹೇಳಿದರು: "ಕೆಸರ ಹತ್ತಿದ್ದನ್ನ ಕೆಸರ ಹತ್ತೇತಿ ಅಂತ ಹೇಳೇ ಮಾರ್‍ಯಾರಲ್ಲ, ಅದು ನನಗ ಸೇರ್ತು."

ಮತ್ತೊಂದು ಮಿತಿ ಕಾಲದ್ದು. ಗೊಂಬೆಯನ್ನು ಜನ ಒಂದು ಸಲ ಕೊಳ್ಳುತ್ತಾರೆ. ಹಾಳಾದ ಸೀರೆಗಳ ರಾಶಿ ಮುಗಿದ ದಿನ ಈ ಗೊಂಬೆಗೂ ಅರ್ಥ ಮುಗಿಯಬೇಕು. ಒಳ್ಳೆಯ ಬಟ್ಟೆಯನ್ನು ಕತ್ತರಿಸಿ ಚೇಕುಟ್ಟಿ ಮಾಡಲು ಹೊರಟರೆ ಅದು ಬರಿಯ ನೆನಪಿನ ವ್ಯಾಪಾರವಾಗುತ್ತದೆ. ಲಕ್ಷ್ಮಿ ಮೆನನ್ ಅವರು ಮುಂದೆ ಕೋವಿಡ್ ಕಾಲದಲ್ಲಿ ರಕ್ಷಣಾ ಉಡುಪು ಹೊಲಿಯುವಾಗ ಉಳಿದ ಚೂರುಗಳನ್ನು ಹೆಣೆದು 'ಶಯ್ಯ' ಎಂಬ ಹಾಸಿಗೆ ಮಾಡಿಸುವ ಕೆಲಸಕ್ಕೆ ಕೈಹಾಕಿದರು. ತ್ಯಾಜ್ಯದಲ್ಲಿ ಬೆಲೆ ಹುಡುಕುವ ಅದೇ ಬುದ್ಧಿ, ಬೇರೆ ವಸ್ತು. ಚೇಂದಮಂಗಲದ ಮಗ್ಗಗಳ ಮಟ್ಟಿಗೆ ದೀರ್ಘಕಾಲದ ಕೆಲಸ ಮಾಡಿದ್ದು ಕೊಚ್ಚಿಯ 'ಸೇವ್ ದಿ ಲೂಮ್' ಎಂಬ ಇನ್ನೊಂದು ಉಪಕ್ರಮ. ಅವರು ಮಗ್ಗಗಳ ದುರಸ್ತಿಯಿಂದ ಆರಂಭಿಸಿ, ಮುಂದೆ ವಕೀಲರು ತೊಡುವ ಕಪ್ಪು ಬಿಳಿ ಉಡುಪುಗಳನ್ನು ಕೈಮಗ್ಗದಲ್ಲಿ ನೇಯಿಸಿ 'ವಿಧಿ' ಎಂಬ ಹೆಸರಿನಲ್ಲಿ ತಂದರು. ಓಣಂ ಇರಲಿ ಬಿಡಲಿ, ವಕೀಲರು ವರ್ಷವಿಡೀ ನ್ಯಾಯಾಲಯಕ್ಕೆ ಹೋಗಲೇಬೇಕು. ಗಿರಾಕಿಯನ್ನು ಆರಿಸುವುದೆಂದರೆ ಹೀಗೆ.

ಗೊಂಬೆಯಿಂದಾಗಿಯೇ ನಾನು ಚೇಂದಮಂಗಲದ ಗಿರಾಕಿಯಾದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2022ರ ಓಣಂಗೆ ಮೊದಲು ಎರ್ನಾಕುಲಕ್ಕೆ ಹೋಗಿದ್ದಾಗ ಪರವೂರಿನವರೆಗೂ ಬಸ್ಸಿನಲ್ಲಿ ಹೋಗಿ, ಸಹಕಾರ ಸಂಘವೊಂದರ ಮಳಿಗೆಯಲ್ಲಿ ಅವ್ವನಿಗೆ ಒಂದು ಸೀರೆ, ನನಗೊಂದು ಪಂಚೆ ಕೊಂಡೆ. ಮಳಿಗೆಯಾಕೆ ಬಿಲ್ಲು ಬರೆಯುವ ಮುನ್ನ ಸೀರೆಯನ್ನು ಪೂರ್ತಿ ಬಿಚ್ಚಿ, ಎರಡೂ ಬದಿ ತೋರಿಸಿ, ಒಂದು ಕಡೆ ಎಳೆ ದಪ್ಪವಾಗಿರುವುದನ್ನು ತಾವಾಗಿಯೇ ಬೆರಳಿಟ್ಟು ತೋರಿಸಿದರು. ಪಂಚೆ ಮೂರು ವರ್ಷಗಳಿಂದ ಬಳಕೆಯಲ್ಲಿದೆ. ಮೊದಲ ಎರಡು ಒಗೆತಕ್ಕೆ ಗಂಜಿ ಬಿಟ್ಟು ಸ್ವಲ್ಪ ಕುಗ್ಗಿತು, ಆಮೇಲೆ ಅಳತೆ ನಿಂತಿದೆ, ಅಂಚಿನ ಕಪ್ಪು ಗೆರೆ ಬಣ್ಣ ಬಿಟ್ಟಿಲ್ಲ. ಇಪ್ಪತ್ತು ಗೊಂಬೆಗಳಿಗೆ ನಾನು ಕೊಟ್ಟದ್ದು 500 ರೂಪಾಯಿ. ಆ ದಿನ ಮಳಿಗೆಯಲ್ಲಿ ಕೊಟ್ಟದ್ದು ಅದರ ಹಲವು ಪಟ್ಟು, ಮತ್ತು ಅದನ್ನು ಕೊಡುವಾಗ ನೆರೆಯ ನೆನಪು ನನಗಾಗಲಿ ಅವರಿಗಾಗಲಿ ಬರಲಿಲ್ಲ.

ಹೀಗಾಗಿ ನನ್ನ ತೀರ್ಪನ್ನು ಎರಡಾಗಿ ಹೇಳಬೇಕಾಗುತ್ತದೆ. ಗೊಂಬೆಯಾಗಿ ಚೇಕುಟ್ಟಿ ಸಾಧಾರಣ. ಚನ್ನಪಟ್ಟಣದ ಗೊಂಬೆಯ ಪಕ್ಕದಲ್ಲಿಟ್ಟರೆ ಅದರ ಕೈಕೆಲಸ ಮಕ್ಕಳಾಟ, ಬಾಳಿಕೆಯೂ ಕಡಿಮೆ. ಪರಿಹಾರಕ್ಕಾಗಿ ಮಾರಾಟವಾದ ವಸ್ತುವಾಗಿ ಅದಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಯಾರ ಬಟ್ಟೆ, ಎಷ್ಟು ತುಂಡು, ತುಂಡಿಗೆ ಎಷ್ಟು, ಹಣ ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕೊಳ್ಳುವವನು ಕೇಳುವ ಮುನ್ನವೇ ಉತ್ತರವಿತ್ತು. ಮುಂದಿನ ಸಲ ಇಂಥ ಯಾವುದೇ ವಸ್ತುವನ್ನು ಕೊಳ್ಳುವವರು ಆ ನಾಲ್ಕರಲ್ಲಿ ಕಡೆಯದನ್ನಾದರೂ ಕೇಳಿ, ಉತ್ತರ ಬರದಿದ್ದರೆ ನೇರವಾಗಿ ನಿಧಿಗೇ ಕೊಟ್ಟುಬಿಡಬಹುದು.

ಉಳಿಸಿಕೊಂಡ ಮೂರರಲ್ಲಿ ಅಳತೆಗೆಂದು ಬಿಚ್ಚಿದ್ದನ್ನು ಮಗಳು ಮತ್ತೆ ಕಟ್ಟಿ ತನ್ನ ಪುಸ್ತಕದ ಕಪಾಟಿನಲ್ಲಿ ಕೂರಿಸಿದ್ದಾಳೆ. ಚೀಲದಲ್ಲಿ ಸವೆದದ್ದಕ್ಕೆ ಮುಖವೇ ಉಳಿದಿಲ್ಲ. ದೀಪಕ್ಕೆ ತೂಗುಹಾಕಿದ್ದು ಮಾತ್ರ ಕೊಂಡ ದಿನ ಹೇಗಿತ್ತೋ ಹಾಗೆಯೇ ಇದೆ, ಕಂದು ಗೆರೆಯೂ ಸೇರಿದಂತೆ.